ಈ ಸಾಲು ಮುಟ್ಟಬೇಡಿ

ಫೆಬ್ರವರಿ 4

ಅತ್ತಿಗೆಗೆ ಪಿಟೀಲಿನ ನಮಸ್ಕಾರ.

ಬಾಯಿ ಮುಚ್ಚದೆ ಪಿಟೀಲು ಕುಯ್ಯುತ್ತೇನೆ ಎಂದು ಅಣ್ಣ ಇಟ್ಟ ಈ ಅಡ್ಡಹೆಸರಿನಿಂದ ಈಗ ನನ್ನನ್ನು ಕರೆಯುವವರು ನೀವೊಬ್ಬರೇ, ಅದೂ ಹದಿನೈದು ದಿನಕ್ಕೊಮ್ಮೆ ದೋಣಿ ಬಂದರೆ. ಮರೆತುಹೋಗಬಾರದೆಂದು ನಾನೇ ಕರೆದುಕೊಂಡೆ. ದ್ವೀಪದಲ್ಲಿ ಗಾಳಿ ಹೇಗಿದೆ ಎಂದು ಕೇಳುವುದಿಲ್ಲ, ಅದನ್ನು ಅಳೆಯುವುದೇ ನಿಮ್ಮ ಕೆಲಸ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀರಾ, ಅಷ್ಟು ಹೇಳಿ ಸಾಕು.

ವಿಷಯಕ್ಕೆ ಬಂದೆ, ನೋಡಿ, ಎರಡನೇ ಪ್ಯಾರಾದಲ್ಲೇ! ನೀವು ನನ್ನ ಕೈಗೊಪ್ಪಿಸಿ ಹೋದ ಹಳೆಯ ಸರ್ವರನ್ನು ಆಸ್ಪತ್ರೆಯವರು ಜನವರಿಯಲ್ಲಿ ಕಳಚಿದರು. ಹೊಸದು ಬಂದಿದೆ. ಅದರ ನೆಟ್‌ವರ್ಕ್ ಕಾರ್ಡು ಹಳೆಯದಕ್ಕಿಂತ ಹತ್ತು ಪಟ್ಟು ವೇಗ ಎಂದು ಡಬ್ಬಿಯ ಮೇಲೆ ಬರೆದಿದೆ. ಡಬ್ಬಿಯ ಮೇಲೆ ಮಾತ್ರ. ನಿಮ್ಮ ಕಾಲದಲ್ಲಿ ಆ ಯಂತ್ರ ರೋಗಿಗಳ ಕಡತಗಳ ನಕಲು ತೆಗೆಯುತ್ತಿತ್ತು, ಅಷ್ಟೇ. ಈಗ ಅದರ ಹೆಗಲ ಮೇಲೆ ಹನ್ನೆರಡು ಕ್ಯಾಮೆರಾಗಳೂ ಇವೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳು ಮೂರನೇ ಮಹಡಿಯ ಗಾಜಿನ ಪೆಟ್ಟಿಗೆಗಳಲ್ಲಿ ಮಲಗಿರುತ್ತವೆ, ಹೊಲಿಗೆ ಹಾಕಿಸಿಕೊಂಡ ತಾಯಂದಿರು ಒಂದನೇ ಮಹಡಿಯಲ್ಲಿ. ಒಬ್ಬೊಬ್ಬ ತಾಯಿಯ ಮಂಚದ ಪಕ್ಕ ಒಂದೊಂದು ಪರದೆ. ಅದರಲ್ಲಿ ಅವಳ ಕೂಸು ಮಾತ್ರ.

ಆ ಚಿತ್ರ ನಿಂತು ನಿಂತು ಬರುತ್ತದೆ, ಅತ್ತಿಗೆ. ನಾಲ್ಕು ಸೆಕೆಂಡು, ಐದು ಸೆಕೆಂಡು ಕಲ್ಲಿನ ಹಾಗೆ ನಿಂತುಬಿಡುತ್ತದೆ. ಎಂಟನೇ ಮಂಚದಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳಿದ್ದಾಳೆ. "ನನ್ನ ಮಗಳು ಆಕಳಿಸೋಕೆ ಬಾಯಿ ತೆಗೀತಾಳೆ, ಮುಚ್ಚೋದು ಮಾತ್ರ ನನಗೆ ಒಂದ್ಸಲಾನೂ ಕಾಣಿಸಿಲ್ಲ" ಅಂದಳು. ಮೇಲ್ವಿಚಾರಕರು ಬಂದು, "ಏನಮ್ಮಾ, ಇದು ಟಿವಿಯೋ ಫೋಟೋನೋ? ಮಾರ್ಚ್ ಮುಗಿಯೋದ್ರೊಳಗೆ ಸರಿಹೋಗ್ಲಿಲ್ಲ ಅಂದ್ರೆ ಪರದೆ ಎಲ್ಲಾ ಬಿಚ್ಚಿಸಿಬಿಡ್ತೀನಿ" ಎಂದಿದ್ದಾರೆ. ಕಾರ್ಡು ಮಾರಿದವರು, ನಮ್ಮ ಮಾಲು ಸರಿಯಾಗಿದೆ ಎಂದು ಕೈ ತೊಳೆದುಕೊಂಡರು.

ನಾನು ಯಾವುದನ್ನೂ ಕೆಡಿಸಿಲ್ಲ, ಆಣೆ ಮಾಡಿ ಹೇಳುತ್ತೇನೆ. ಯಂತ್ರ ಏಳುವಾಗ ಓದಿಕೊಳ್ಳುವ ನಿಮ್ಮ ಸೆಟ್ಟಿಂಗ್ ಕಡತವನ್ನು ಒಂದಕ್ಷರ ಬಿಡದೆ ಹೊಸದಕ್ಕೆ ತಂದಿಟ್ಟಿದ್ದೇನೆ. ಇಪ್ಪತ್ತು ವರ್ಷ ನೀವು ಕಟ್ಟಿದ್ದು, ಅದಕ್ಕೆ ನಾನು ಕೈ ಹಾಕುವುದುಂಟೇ? ನಿಮ್ಮ ಸ್ಟೂಲಿನ ಮೇಲಿನ ದಿಂಬನ್ನೂ ಬದಲಿಸಿಲ್ಲ. ಎಲ್ಲಿ ತಪ್ಪಿದೆ, ಹೇಳಿ.

ನಿಮ್ಮ
ಪಿಟೀಲು


ಫೆಬ್ರವರಿ 12

ಪಿಟೀಲು,

ದೋಣಿ ಬಂದು ನಿಂತಿದೆ. ಡೀಸೆಲ್ ಪೀಪಾಯಿಗಳನ್ನು ಇಳಿಸಿ ಅಂಚೆ ಚೀಲ ಎತ್ತಿಕೊಂಡು ಹೋಗಲು ಅವರಿಗೆ ಒಂದು ಗಂಟೆ ಸಾಕು. ಅಷ್ಟರಲ್ಲಿ ನಿನಗೆ ಉತ್ತರ ಬರೆಯಬೇಕು. ಊಟ ಮಾಡುತ್ತೇನೆ. ಹೊತ್ತಿಗೆ ಸರಿಯಾಗಿ ಎಂದು ಹೇಳಲಾರೆ.

ನಿನ್ನ ಪತ್ರ ಓದಿ ನಗು ಬಂತು. ಹೋದ ವರ್ಷ ಮನೆಯ ಬೀಗದ ಕೈ ಕಳೆದಿದೆ, ನೀವೇ ಬರಬೇಕು ಎಂದು ಬರೆದಿದ್ದೆ. ಅದಕ್ಕೂ ಮೊದಲು ನಿನ್ನ ಹಲ್ಲುನೋವು. ಈ ಸಲ ಸರ್ವರು! ನನ್ನನ್ನು ವಾಪಸು ಕರೆಸಿಕೊಳ್ಳಲು ನೀನು ಹೂಡುವ ಆಟ ನನಗೆ ಗೊತ್ತಾಗುವುದಿಲ್ಲ ಅಂದುಕೊಂಡೆಯಾ? ಹತ್ತು ಪಟ್ಟು ವೇಗದ ಕಾರ್ಡು ಹಾಕಿದ ಮೇಲೆ ಹನ್ನೆರಡು ಕ್ಯಾಮೆರಾ ಅದಕ್ಕೆ ಯಾವ ಲೆಕ್ಕ? ಕೇಬಲ್ ಸಡಿಲವಾಗಿರಬೇಕು. ಬಿಗಿ ಮಾಡು.

ಆ ಕೋಣೆಯ ಋಣ ತೀರಿತು ಎಂದುಕೊಂಡೇ ನಾನು ಇಲ್ಲಿಗೆ ಬಂದದ್ದು. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಆರಕ್ಕೆ ಗಾಳಿಯ ವೇಗ, ಒತ್ತಡ, ತೇವಾಂಶ ಬರೆದು ಕಳಿಸಿದರೆ ನನ್ನ ದಿನ ಮುಗಿಯಿತು. ಯಾರೂ ನನ್ನನ್ನು ಕೂಗುವುದಿಲ್ಲ. ಇಲ್ಲಿನ ಉಪಗ್ರಹ ಫೋನು ಅಂಕಿಗಳಿಗೆ ಮಾತ್ರ. ನಮ್ಮ ಪೈಕಿ ಯಾರದಾದರೂ ಜೀವಕ್ಕೆ ಕುತ್ತು ಬಂದರೆ ಮಾತ್ರ ನಮಗೆ ಕೊಡುತ್ತಾರೆ. ಅದು ಬಾರದಿರುವುದೇ ಒಳ್ಳೆಯದು.

ಒಂದು ಮಾತು. ಒಂದೇ ದೋಣಿಗೆ ನಿನ್ನ ಎರಡು ಮೂರು ಲಕೋಟೆ ಬರುತ್ತವೆ. ಸಣ್ಣಪುಟ್ಟದ್ದನ್ನೆಲ್ಲ ಸೇರಿಸಿಟ್ಟುಕೊಂಡು ಒಂದರಲ್ಲೇ ಬರೆ.

ಅತ್ತಿಗೆ


ಫೆಬ್ರವರಿ 18

ಅತ್ತಿಗೆ,

ಬೀಗದ ಕೈ ಸುಳ್ಳು. ಒಪ್ಪಿಕೊಂಡೆ. ಹಲ್ಲುನೋವು ಅರ್ಧ ಸುಳ್ಳು. ಇದು ಸುಳ್ಳಲ್ಲ.

ಕೇಬಲ್ ಬಿಗಿ ಮಾಡಿದೆ. ಆಮೇಲೆ ಹೊಸ ಕೇಬಲನ್ನೇ ಹಾಕಿದೆ. ನೆಟ್‌ವರ್ಕ್ ಸ್ವಿಚ್ಚಿನಲ್ಲಿ ಬೇರೆ ತೂತಿಗೆ ಚುಚ್ಚಿದೆ. ಡ್ರೈವರಿನ ಹೊಸ ಆವೃತ್ತಿ ಹಾಕಿದೆ, ಹಳೆಯ ಆವೃತ್ತಿ ಹಾಕಿದೆ, ಕಾರ್ಡು ಮಾಡಿದವರದೇ ಡ್ರೈವರ್ ತಂದು ಹಾಕಿದೆ. ಪ್ರತಿ ಸಲ ಯಂತ್ರ ಆರಿಸಿ ಎಬ್ಬಿಸಿದೆ. ಪ್ರೊಸೆಸರ್ ನೋಡಿದರೆ ಆರಾಮವಾಗಿ ಕೂತಿದೆ, ನೂರಕ್ಕೆ ಎಂಟರಷ್ಟೂ ಕೆಲಸ ಇಲ್ಲ. ಯಾರಿಗೂ ಕೆಲಸ ಹೆಚ್ಚಾಗಿಲ್ಲ, ಆದರೂ ಕೆಲಸ ಆಗುತ್ತಿಲ್ಲ. ತಲೆ ಕೆಟ್ಟು ಗೊಬ್ಬರ ಆಗಿದೆ.

ಮೊನ್ನೆ ಸೋಮವಾರ ಏನಾಯಿತು ಕೇಳಿ. ಹೊಲಿಗೆಯವಳು ಮಧ್ಯಾಹ್ನ ಊಟದ ತಟ್ಟೆ ಹಿಡಿದು ಪರದೆ ನೋಡುತ್ತಾ ಕೂತಿದ್ದಳಂತೆ. ಚಿತ್ರ ನಿಂತಿತು. ಕೂಸಿನ ಎದೆ ಏಳಲಿಲ್ಲ, ಇಳಿಯಲಿಲ್ಲ. ಎಂಟು ಸೆಕೆಂಡು. ನಾನು ಆಮೇಲೆ ಯಂತ್ರದ ದಾಖಲೆಯಲ್ಲಿ ಎಣಿಸಿ ನೋಡಿದೆ, ಎಂಟು. ಅವಳು ತಟ್ಟೆ ಬಿಸಾಕಿ, ಬರಿಗಾಲಲ್ಲಿ, ಹೊಟ್ಟೆಯ ಹೊಲಿಗೆ ಕೈಯಲ್ಲಿ ಒತ್ತಿ ಹಿಡಿದುಕೊಂಡು ಎರಡು ಮಹಡಿ ಹತ್ತಿದ್ದಾಳೆ. ಮೇಲೆ ಹೋದರೆ ಕೂಸು ಆರಾಮವಾಗಿ ಕೈಕಾಲು ಆಡಿಸುತ್ತಿತ್ತು. ಇವಳು ಅಲ್ಲೇ ಕುಸಿದಳು. ಎರಡು ಹೊಲಿಗೆ ಬಿಚ್ಚಿಕೊಂಡಿದ್ದವು.

ನಾನು ನೋಡಲು ಹೋದಾಗ ನನ್ನ ಕೈ ಹಿಡಿದುಕೊಂಡು, "ಯಾರಿಗೂ ಬೈಬೇಡಿ, ಪರದೆ ಮಾತ್ರ ತೆಗೆಸ್ಬೇಡಿ" ಅಂದಳು. ಇಷ್ಟಾದ ಮೇಲೂ! ನಿಂತ ಚಿತ್ರವಾದರೂ ಸರಿ, ಇರಲಿ ಎನ್ನುತ್ತಾಳೆ.

ನೀವು ಬರುವುದು ಬೇಡ. ಅಲ್ಲೇ ಇರಿ, ಗಾಳಿ ಅಳೆಯಿರಿ. ಎಲ್ಲಿ ನೋಡಬೇಕು ಎಂದಷ್ಟೇ ಹೇಳಿ. ಇನ್ನೊಂದು ವಿಷಯವೂ ಇತ್ತು, ಸಣ್ಣದೇನಲ್ಲ. ಸೇರಿಸಿಡು ಎಂದಿರಲ್ಲ, ಸೇರಿಸಿಟ್ಟಿದ್ದೇನೆ.

ಪಿಟೀಲು


ಫೆಬ್ರವರಿ 26

ನನ್ನ ಕೂಸೇ,

ನನ್ನದು ತಪ್ಪಾಯಿತು. ದೋಣಿಯವರು ಕೂಗುತ್ತಿದ್ದಾರೆ, ಕಟ್ಟೆಯ ಮೇಲೇ ಕೂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಕೋಬೇಡ.

ಡ್ರೈವರ್ ಎಂದರೆ ಕಾರ್ಡಿಗೂ ಆಪರೇಟಿಂಗ್ ಸಿಸ್ಟಮಿಗೂ ನಡುವೆ ನಿಂತ ದುಭಾಷಿ. ಆವೃತ್ತಿ ಬದಲಿಸುವುದು ಬಿಡು, ಅದನ್ನು ಪ್ರಶ್ನೆ ಕೇಳು. ಬರುವ ಚಿತ್ರದ ತುಣುಕುಗಳಲ್ಲಿ, ಅಂದರೆ ಪ್ಯಾಕೆಟ್‌ಗಳಲ್ಲಿ, ತಾನು ಎಷ್ಟು ಕೈಬಿಟ್ಟೆ ಎಂದು ಕಾರ್ಡು ಲೆಕ್ಕ ಇಟ್ಟಿರುತ್ತದೆ. ಕೇಳಿದರೆ ಹೇಳುತ್ತದೆ, ಕೇಳದಿದ್ದರೆ ತಾನಾಗಿ ಹೇಳುವುದಿಲ್ಲ. ಚಿತ್ರ ಓಡುವಾಗ ಒಮ್ಮೆ, ನಿಂತ ಮೇಲೆ ಒಮ್ಮೆ ಆ ಲೆಕ್ಕ ನೋಡು. ಏರಿದ್ದರೆ ಕೇಬಲ್ ತಂಟೆಗೆ ಹೋಗಬೇಡ. ಕಾರ್ಡಿನ ಬಾಗಿಲಲ್ಲೇ ಚೆಲ್ಲಿಹೋಗುತ್ತಿದೆ ಎಂದರ್ಥ. ಚೆಲ್ಲಿದ್ದನ್ನು ಕ್ಯಾಮೆರಾ ಮತ್ತೆ ಕಳಿಸುವ ತನಕ ಚಿತ್ರ ನಿಲ್ಲುತ್ತದೆ. ಯಾಕೆ ಚೆಲ್ಲುತ್ತಿದೆ ಎಂದು ಅಲ್ಲಿಂದ ಹುಡುಕು.

ಆ ಹೆಂಗಸಿಗೆ ಹೇಳು, ಪರದೆ ತೆಗೆಯುವುದಿಲ್ಲ ಎಂದು. ನಾನು ಹೇಳಿದೆ ಎನ್ನು.

ಅತ್ತಿಗೆ


ಮಾರ್ಚ್ 4

ಅತ್ತಿಗೆ,

ಸಿಕ್ಕಿತು. ಕೇಬಲ್ ತಲೆ ಸಡಿಲವಿತ್ತು. ನೀವು ಮೊದಲೇ ಹೇಳಿದ್ದಿರಿ. ಈಗ ಚಿತ್ರ ಸರಾಗ. ಚಿಂತೆ ಬೇಡ.

ಪಿಟೀಲು


ಮಾರ್ಚ್ 9

ಪಿಟೀಲು,

ಮುಂದಿನ ದೋಣಿಗೆ ಇನ್ನೂ ಮೂರು ದಿನವಿದೆ, ನನಗೆ ಕಾಯಲಾಗುತ್ತಿಲ್ಲ, ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ನಿನ್ನೆ ಮಧ್ಯಾಹ್ನದ ಅಂಕಿ ಬರೆಯುತ್ತಿದ್ದಾಗ ಇದ್ದಕ್ಕಿದ್ದಂತೆ ನೆನಪಾಯಿತು. ಕೈಯಲ್ಲಿದ್ದ ಪೆನ್ನು ಹಾಗೇ ನಿಂತಿತು. ನೀನು ಒಂದಕ್ಷರ ಬಿಡದೆ ತಂದಿಟ್ಟೆಯಲ್ಲ, ಆ ಕಡತದ ಕೊನೆಯಲ್ಲಿ ಒಂದು ಸಾಲಿದೆ. ಅದರ ಮೇಲೆ "ಈ ಸಾಲು ಮುಟ್ಟಬೇಡಿ, ಕಾರಣ ಇದೆ" ಎಂದು ನಾನೇ ಬರೆದಿದ್ದೇನೆ. ಕಾರಣ ಏನೆಂದು ಬರೆಯಲಿಲ್ಲ. ಅದೇ ನಿನ್ನ ಕಳ್ಳ.

ಕಾರಣ ಇಷ್ಟು. ಪ್ಯಾಕೆಟ್ ಬಂದಾಗಲೆಲ್ಲ ಕಾರ್ಡು ಪ್ರೊಸೆಸರಿನ ಬಾಗಿಲು ತಟ್ಟುತ್ತದೆ. ನಮ್ಮ ಹಳೆಯ ಪ್ರೊಸೆಸರ್ ಒಂಟಿ ಜೀವ. ಬಾಗಿಲು ತೆರೆದು ತೆರೆದೇ ಸುಸ್ತಾಗಿ ಬೇರೆ ಕೆಲಸ ಬಾಕಿ ಬೀಳುತ್ತಿತ್ತು. ಅದಕ್ಕೆ ನಾನು ಕಾರ್ಡಿಗೆ ಹೇಳಿಬಿಟ್ಟೆ: ಒಂದೊಂದಕ್ಕೂ ತಟ್ಟಬೇಡ, ಇಷ್ಟು ಹೊತ್ತು ಸೇರಿಸಿಟ್ಟುಕೊಂಡು ಒಟ್ಟಿಗೆ ಹೇಳು. ಹಳೆಯ ಕಾರ್ಡು ನಿಧಾನದ್ದು, ಅಷ್ಟು ಹೊತ್ತಿನಲ್ಲಿ ನಾಲ್ಕಾರು ಪ್ಯಾಕೆಟ್ ಬರುತ್ತಿದ್ದವು. ಹೊಸದಕ್ಕೆ ಹನ್ನೆರಡು ಕೂಸುಗಳ ಚಿತ್ರ ಒಟ್ಟಿಗೆ ನುಗ್ಗುತ್ತದೆ. ಕಾಯುವಷ್ಟರಲ್ಲಿ ಅದರ ಬುಟ್ಟಿ ತುಂಬಿ ಹೊರಗೆ ಚೆಲ್ಲುತ್ತದೆ. ಆ ಸಾಲನ್ನು ತೆಗೆದುಹಾಕು. ಈಗಿನ ಪ್ರೊಸೆಸರಿಗೆ ಬಾಗಿಲು ತೆರೆಯುವುದು ಕಷ್ಟವೇ ಅಲ್ಲ.

ಇನ್ನು, ಅದನ್ನು ನಾನು ಮರೆತದ್ದು ಹೇಗೆ ಎಂದು ನೀನು ಕೇಳುವುದಿಲ್ಲ, ನಾನೇ ಹೇಳಬೇಕು. ಅದು ನಿನ್ನಣ್ಣ ಹೋದ ದಿನ ಬರೆದ ಸಾಲು.

ಕಾಲು ಮುರಿದುಕೊಂಡು, ಪ್ಲಾಸ್ಟರ್ ಹಾಕಿಸಿಕೊಂಡು ಶಾಲೆಗೆ ರಜೆ ಹಾಕಿ ಮಲಗಿದ್ದರಲ್ಲ. ಭೂಗೋಳದ ಮೇಷ್ಟ್ರಿಗೆ ಮನೆಯ ನಾಲ್ಕು ಗೋಡೆ ಸಾಕಾಗುತ್ತದೆಯೇ? ಹತ್ತು ನಿಮಿಷಕ್ಕೊಮ್ಮೆ ನನಗೆ ಫೋನು. ಕಾಗೆ ಬಂತು, ಕಾಗೆ ಹೋಯಿತು. ಆ ದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ನನಗೆ ರೇಗಿತು. "ರೀ, ಹೀಗೆ ಗಳಿಗೆಗೊಂದು ಸಲ ಫೋನ್ ಮಾಡಿದ್ರೆ ನಾನು ಕೆಲಸ ಮಾಡೋದು ಯಾವಾಗ? ಏನಿದ್ರೂ ಸೇರಿಸಿಟ್ಕೊಳ್ಳಿ, ಸಂಜೆ ಒಟ್ಟಿಗೆ ಹೇಳಿ!" ಅಂದೆ. ಜೋರಾಗಿಯೇ ಅಂದೆ. ಅವರು ಗೋಡೆ ಕಡೆ ತಿರುಗಿದರು.

ಆ ದಿನ ಒಂದೂ ಫೋನು ಬರಲಿಲ್ಲ. ಮುನಿಸಿಕೊಂಡಿದ್ದಾರೆ ಎಂದುಕೊಂಡೆ. ನಿಜ ಹೇಳಲಾ, ನನಗೆ ನಿರಾಳವಾಯಿತು. ಅವರಿಗೆ ಹೇಳಿದ್ದನ್ನೇ ಕಾರ್ಡಿಗೂ ಹೇಳಿ ಆ ಸಾಲು ಬರೆದೆ. ಕೆಲಸ ಸುಸೂತ್ರವಾಗಿ ಆಯಿತು. ನಾಲ್ಕು ಗಂಟೆಗೆ ಪಕ್ಕದ ಮನೆಯವರ ಫೋನು ಬಂತು. ಮುಂದಿನದು ನಿನಗೂ ಗೊತ್ತು. ಕಾಲಿನಲ್ಲಿ ಕಟ್ಟಿದ ರಕ್ತ ಎದೆಗೆ ಹೋಗಿತ್ತು ಎಂದರು ಡಾಕ್ಟರು.

ಹೋದದ್ದಕ್ಕಿಂತ, ನನ್ನ ಮೇಲೆ ಕೋಪ ಇಟ್ಟುಕೊಂಡೇ ಹೋದರು ಎನ್ನುವುದು ನನ್ನನ್ನು ತಿನ್ನುತ್ತದೆ. ಆ ಕೋಣೆಯಲ್ಲಿ ಫೋನು ಬಡಿದುಕೊಂಡರೂ ಬೆಚ್ಚುತ್ತಿದ್ದೆ, ಸುಮ್ಮನಿದ್ದರೂ ಬೆಚ್ಚುತ್ತಿದ್ದೆ. ಅದಕ್ಕೇ ಫೋನೇ ಬಾರದ ಜಾಗಕ್ಕೆ ಬಂದೆ. ಈಗ ನೋಡಿದರೆ ನನ್ನ ಆ ಮಾತು ನಾನಿಲ್ಲದೆಯೇ ಹೊಸ ಯಂತ್ರದೊಳಗೆ ಹೋಗಿ ಕೂತು, ತಾಯಂದಿರ ಪ್ರಾಣ ಹಿಂಡುತ್ತಿದೆ. ಕಿತ್ತುಹಾಕು, ಪಿಟೀಲು. ಮುಲಾಜು ನೋಡಬೇಡ.

ಮಾರ್ಚ್ 12

ದೋಣಿ ಬಂತು. ನಿನ್ನ ಕಾಗದ ಓದಿದೆ. ಕೇಬಲ್ ತಲೆಯಂತೆ! ಹೊಸ ಕೇಬಲ್ ಹಾಕಿದೆ ಎಂದು ನೀನೇ ಬರೆದಿದ್ದೆ. ಅದೂ ಅಲ್ಲದೆ, ಬೀದಿಯಲ್ಲಿ ಕಂಡ ನಾಯಿಯ ಬಗ್ಗೆ ಎರಡು ಪುಟ ಬರೆಯುವವಳು ಒಂದೂವರೆ ತಿಂಗಳ ಕಷ್ಟಕ್ಕೆ ನಾಲ್ಕು ಸಾಲು ಬರೆಯುತ್ತಾಳೆಯೇ? ಸುಳ್ಳು ಹೇಳುವಾಗ ಮಾತ್ರ ನಿನ್ನ ಮಾತು ಗಿಡ್ಡವಾಗುತ್ತದೆ. ನನ್ನ ಸಾಲು ಎಂದು ನಿನಗೆ ಗೊತ್ತಾಗಿತ್ತು. ನನ್ನ ಮನಸ್ಸು ನೋಯುತ್ತದೆ ಎಂದು ಮುಚ್ಚಿಟ್ಟೆ.

ಆ ಇನ್ನೊಂದು ವಿಷಯ ಏನು? ಸೇರಿಸಿಡು ಎಂದದ್ದನ್ನು ವಾಪಸು ತೆಗೆದುಕೊಂಡಿದ್ದೇನೆ. ಬರೆ.

ಅತ್ತಿಗೆ


ಮಾರ್ಚ್ 19

ಅತ್ತಿಗೆ,

ಸಿಕ್ಕಿಬಿದ್ದೆ.

ಮಾರ್ಚ್ 3ರಂದು ನೀವು ಹೇಳಿದ ಹಾಗೆ ಲೆಕ್ಕ ನೋಡಿದೆ. ಚಿತ್ರ ನಿಂತಾಗಲೆಲ್ಲ ಕೈಬಿಟ್ಟ ಪ್ಯಾಕೆಟ್ಟಿನ ಅಂಕಿ ಏರುತ್ತಿತ್ತು. ಕಡತ ತೆರೆದು ಸಾಲು ಸಾಲಾಗಿ ಓದುತ್ತಾ ಹೋಗಿ ಆ ಸಾಲಿನ ಮುಂದೆ ಅರ್ಧ ಗಂಟೆ ಕೂತೆ. ನಿಮ್ಮ ಕೈಬರಹವೇ ಕಂಡ ಹಾಗಾಯಿತು. ಮುಟ್ಟಬೇಡಿ ಎಂದಿದೆ, ಮುಟ್ಟುವುದು ಹೇಗೆ? ಆಮೇಲೆ ಮೇಲೆ ಬರೆದ ದಿನಾಂಕ ನೋಡಿದೆ. ಅಣ್ಣನ ದಿನ. ಕೊನೆಗೆ "ಕ್ಷಮಿಸಿ ಅತ್ತಿಗೆ" ಎಂದು ಬಾಯಿಬಿಟ್ಟು ಹೇಳಿಯೇ ಅಳಿಸಿದೆ. ಕೋಣೆಯಲ್ಲಿ ಫ್ಯಾನು ಬಿಟ್ಟರೆ ಕೇಳುವವರು ಯಾರೂ ಇರಲಿಲ್ಲ.

ಯಂತ್ರ ಎದ್ದಿತು. ಒಂದನೇ ಮಹಡಿಗೆ ಓಡಿದೆ. ಹೊಲಿಗೆಯವಳ ಮಂಚದ ತುದಿಯಲ್ಲಿ ಕೂತು ಇಬ್ಬರೂ ಪರದೆ ನೋಡಿದೆವು. ಇಪ್ಪತ್ತು ನಿಮಿಷ ಆ ಕೂಸು ಏನೂ ಮಾಡಲಿಲ್ಲ, ನಮ್ಮನ್ನು ಸತಾಯಿಸಿತು. ಆಮೇಲೆ ಬಾಯಿ ತೆರೆಯಿತು, ಅಗಲ ಮಾಡಿತು, ಮುಖವೆಲ್ಲ ಸುಕ್ಕು ಮಾಡಿಕೊಂಡು, ಮೆಲ್ಲಗೆ ಮುಚ್ಚಿತು. "ಮುಚ್ಚಿದ್ಲು! ಮುಚ್ಚಿದ್ಲು ನೋಡಿ!" ಎಂದು ಅವಳು ಕೂಗಿದ್ದಕ್ಕೆ ಪಕ್ಕದ ಮಂಚದವರೆಲ್ಲ ಎದ್ದು ಕೂತರು. ಮೇಲ್ವಿಚಾರಕರು ಬಂದು ಪೂರಾ ಒಂದು ಗಂಟೆ ನಿಂತು ನೋಡಿ, "ಇರ್ಲಿ ಬಿಡಿ" ಎಂದರು. ಅವರ ಬಾಯಲ್ಲಿ ಅದೇ ದೊಡ್ಡ ಹೊಗಳಿಕೆ. ಪರದೆಗಳು ಉಳಿದವು, ಅತ್ತಿಗೆ.

ಈಗ ಆ ಇನ್ನೊಂದು ವಿಷಯ. ಅಣ್ಣನ ಬಟ್ಟೆಗಳನ್ನು ಆಸ್ಪತ್ರೆಯವರು ಕೊಟ್ಟದ್ದು ನನ್ನ ಕೈಗೆ. ಅಂಗಿಯ ಜೇಬಿನಲ್ಲಿ ಒಂದು ಚೀಟಿ ಇತ್ತು. ಎರಡು ವರ್ಷದಿಂದ ಬಚ್ಚಿಟ್ಟಿದ್ದೇನೆ. ಅದರ ನಾಲ್ಕನೇ ಸಾಲು ಓದಿದರೆ ನೀವು ಬದುಕುವುದಿಲ್ಲ ಎಂದುಕೊಂಡೆ. ಅದು ಹೇಳಬಹುದಾದ ಕಾರಣ. ಹೇಳಲಾಗದ್ದು ಮೂರನೇ ಸಾಲಿನಲ್ಲಿದೆ. ಆ ದಿನ ನಾನು ಫೋನು ಮಾಡಿ ಎಡೆಬಿಡದೆ ಮಾತಾಡಿದೆ. ನಡುವೆ ಅವನು "ನನಗೆ ಸ್ವಲ್ಪ..." ಎಂದ. "ತಾಳು ಅಣ್ಣ, ಇದೊಂದು ಹೇಳಿಬಿಡ್ತೀನಿ" ಎಂದು ನನ್ನದನ್ನೇ ಮುಂದುವರಿಸಿದೆ. ಅವನು ಏನು ಹೇಳಲು ಹೊರಟಿದ್ದ ಎಂದು ಚೀಟಿ ನೋಡಿದ ಮೇಲೆ ಗೊತ್ತಾಯಿತು.

ಆದರೆ ಅವನು ಮುನಿಸಿಕೊಂಡು ಹೋದ ಎಂದು ನೀವು ಎರಡು ವರ್ಷ ಸುಟ್ಟುಕೊಂಡಿರಿ ಎಂದು ನನಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದರೆ ಅಂದೇ ಕೊಡುತ್ತಿದ್ದೆ. ಅವನ ಚೀಟಿಯನ್ನೇ ಇದರೊಳಗೆ ಇಟ್ಟಿದ್ದೇನೆ. ಕಾಗದ ದಾರಿಯಲ್ಲಿ ಎಲ್ಲಾದರೂ ಕಳೆದರೆ ಎಂದು ಇಲ್ಲೂ ಬರೆಯುತ್ತೇನೆ:

ಸಂಜೆ ಒಟ್ಟಿಗೆ ಹೇಳಬೇಕಾದ್ದು
1. ಕಿಟಕಿಯ ಮೂಲೆಯಲ್ಲಿ ಬೆಕ್ಕು ಮರಿ ಹಾಕಿದೆ. ಮೂರು.
2. ಛತ್ರಿ ಸಿಕ್ಕಿತು. ನೀನು ಹೇಳಿದ ಜಾಗದಲ್ಲೇ ಇತ್ತು. (ಇದನ್ನು ಹೇಳಲೇಬೇಕೇ?)
3. ಪಿಟೀಲು ಫೋನ್ ಮಾಡಿದ್ದಳು. ನಲವತ್ತು ನಿಮಿಷ. ವಿಷಯ ಏನೂ ಇಲ್ಲ.
4. ಎದೆ ಹಿಡಿದ ಹಾಗಿದೆ. ಸಂಜೆಗೆ ಸರಿಹೋಗಬಹುದು.
5. ಬೈಯುವಾಗ ನಿನ್ನ ಮೂಗು ಕೆಂಪಗಾಗುತ್ತದೆ. ಬೆಳಿಗ್ಗೆ ನಗು ತಡೆಯಲಾಗದೆ ಗೋಡೆ ಕಡೆ ತಿರುಗಿದೆ. ಇದನ್ನು ಕೊನೆಯಲ್ಲಿ ಹೇಳುವುದು.

ಅತ್ತಿಗೆ, ನಗು ತಡೆಯಲಾಗದೆ.

ನಿಮ್ಮ ಪಿಟೀಲು


ಮಾರ್ಚ್ 26

ಪಿಟೀಲು,

ದೋಣಿ ಬಂದು ಅರ್ಧ ಗಂಟೆಯಾಯಿತು. ಕಟ್ಟೆಯ ಮೇಲೆ ನಿಂತೇ ಓದಿದೆ. ಪೀಪಾಯಿ ಇಳಿಸುವವರು, "ಏನಾಯ್ತಮ್ಮಾ, ಕೆಟ್ಟ ಸುದ್ದಿನಾ?" ಎಂದು ಕೇಳಿದರು. ಇಲ್ಲ, ನಮ್ಮೆಜಮಾನರ ಕಾಗದ ಎಂದೆ. ಅವರು ನನ್ನ ಮುಖ ನೋಡಿ ಮತ್ತೆ ಪೀಪಾಯಿ ಇಳಿಸಲು ಹೋದರು.

ಮೂರನೆಯದಕ್ಕೆ ನಗು ಬಂತು. ನಾಲ್ಕನೆಯದನ್ನು ಓದಿದೆ. ಬದುಕಿದ್ದೇನೆ. ಐದನೆಯದನ್ನು ಎಷ್ಟು ಸಲ ಓದಿದೆ ಎಂದು ಲೆಕ್ಕವಿಲ್ಲ. ಗೋಡೆ ಕಡೆ ತಿರುಗಿದ ಆ ಬೆನ್ನನ್ನು ಎರಡು ವರ್ಷ ಕಣ್ಣ ಮುಂದೆ ಇಟ್ಟುಕೊಂಡಿದ್ದೆ. ಅದು ಅಲುಗಾಡುತ್ತಿತ್ತು ಎಂದು ಈಗ ನೆನಪಾಗುತ್ತಿದೆ. ಸಿಟ್ಟಿಗೆ ಎಂದುಕೊಂಡಿದ್ದೆ, ಕೂಸೇ.

ನೀನು ಮಾತಾಡಿದ್ದು ತಪ್ಪಲ್ಲ. ಮಲಗಿದ್ದ ಮನುಷ್ಯನಿಗೆ ಆ ದಿನ ನಲವತ್ತು ನಿಮಿಷ ಜೊತೆಗಿದ್ದವಳು ನೀನೊಬ್ಬಳೇ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ನನಗೆ ಈಗ ಇರುವ ಸಮಾಧಾನವೇ ಅದು.

ಬೆಕ್ಕಿನ ಮರಿಗಳು ಏನಾದವು? ಬರೆ. ದೋಣಿಗೆ ಎಷ್ಟು ಲಕೋಟೆಯಾದರೂ ಬರಲಿ.

ನಿನ್ನ ಅತ್ತಿಗೆ


ಏಪ್ರಿಲ್ 2

ಪಿಟೀಲು,

ಇದು ಅಂಚೆ ಕಾರ್ಡು. ನನ್ನ ಛತ್ರಿ ಕಾಣುತ್ತಿಲ್ಲ. ಇಷ್ಟೇ ವಿಷಯ. ಎಲ್ಲ ಒಂದೇ ದೋಣಿಯಲ್ಲಿ ಹೋಗುತ್ತವೆ, ಗೊತ್ತು. ಆದರೂ ಸೇರಿಸಿಡುವುದಿಲ್ಲ.

ಅತ್ತಿಗೆ


ಏಪ್ರಿಲ್ 3

ಪಿಟೀಲು,

ಛತ್ರಿ ಸಿಕ್ಕಿತು. ನಾನು ಇಟ್ಟ ಜಾಗದಲ್ಲೇ ಇತ್ತು. ಅವರಿಗೆ ಹೇಳಬೇಕು ಅನ್ನಿಸಿತು. ನಿನಗೆ ಹೇಳಿದೆ.

ಅತ್ತಿಗೆ